ಮಳೆಗಾಲ ದಾಟಬೇಕಾದ ಬೀಜ

ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಹೂವಿನ ಮಂಡಿ. ಬೆಳಗಿನ ಜಾವಕ್ಕೇ ಗೊಂಡೆಹೂವಿನ ಚೀಲಗಳು ಬಿಚ್ಚಿಕೊಂಡಿರುತ್ತವೆ, ಸೇವಂತಿಗೆ ರಾಶಿ ಬಿದ್ದಿರುತ್ತದೆ. ಮಾಟುಂಗಾಕ್ಕೆ ಹೋದರೆ ಶಂಕರಪುರ ಮಲ್ಲಿಗೆಯ ಅಟ್ಟೆಯೂ ಸಿಕ್ಕೀತು. ಜೀನಿಯಾ ಮಾತ್ರ ನಾನು ಕಂಡಂತೆ ಈ ಎರಡೂ ಕಡೆ ಅಪರೂಪ. ಅದು ಮಾಲೆಗೆ ಒಗ್ಗುವ ಹೂವಲ್ಲ, ದೇವರ ಪಟಕ್ಕೆ ಏರಿಸುವ ರೂಢಿಯೂ ಇಲ್ಲ. ಬೇಕೆನ್ನುವವರು ಬೆಳೆದುಕೊಳ್ಳಬೇಕು.

ಬೆಳೆಯುವುದು ಕಷ್ಟವಲ್ಲ. ಬಿತ್ತಿದ ವಾರದೊಳಗೆ ಮೊಳಕೆ, ಎರಡು ತಿಂಗಳಿಗೆ ಹೂವು. ಕಷ್ಟವಿರುವುದು ಆ ಹೂವನ್ನು ಮುಂದಿನ ವರ್ಷಕ್ಕೆ ದಾಟಿಸುವುದರಲ್ಲಿ. ಮುಂಬೈಯಲ್ಲಿ ಬೀಜ ಕೈಗೆ ಬರುವುದು ಚಳಿಗಾಲದ ಕೊನೆಗೆ, ಮತ್ತೆ ಮಣ್ಣಿಗೆ ಬೀಳುವುದು ಗಣಪತಿ ಹೋದ ಮೇಲೆ. ನಡುವೆ ಬೇಸಿಗೆಯ ಬೆವರು, ಆಮೇಲೆ ನಾಲ್ಕು ತಿಂಗಳ ಮಳೆ. ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಈ ಊರಿನಲ್ಲಿ ಬೀಜದ ಜೀವ ಉಳಿಸಲು ಏನೇನು ಮಾಡಬೇಕು ಎಂಬುದನ್ನು ಮುಲುಂಡಿನ ನಮ್ಮ ಗ್ಯಾಲರಿಯಲ್ಲೂ ಕಟ್ಟಡದ ಗಚ್ಚಿಯ ಒಂದು ಮೂಲೆಯಲ್ಲೂ ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಅದರಿಂದ ಕಲಿತದ್ದು ಇದು.

1. ಮೊದಲು ಕಿಟಕಿಯ ದಿಕ್ಕು ನೋಡಿ.

ಜೀನಿಯಾಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮನೆಯಲ್ಲಿ ಬೆಳಕು ಚೆನ್ನಾಗಿದೆ ಎಂದರೆ ಸಾಲದು. ಮುಂಬೈ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಮೇ ನಡುವಿನಲ್ಲಿ ಒಮ್ಮೆ, ಜುಲೈ ಕೊನೆಗೆ ಒಮ್ಮೆ. ಆ ಎರಡೂವರೆ ತಿಂಗಳು ಮಾತ್ರ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಅದರಲ್ಲಿ ಹೆಚ್ಚಿನ ಭಾಗವನ್ನು ಮೋಡ ನುಂಗುತ್ತದೆ. ಉಳಿದ ಕಾಲವೆಲ್ಲ ಬಿಸಿಲು ದಕ್ಷಿಣದ ಗೋಡೆಯದು. ಡಿಸೆಂಬರಿನಲ್ಲಿ ಸೂರ್ಯ ಎಷ್ಟು ವಾಲುತ್ತಾನೆಂದರೆ ದಕ್ಷಿಣದ ಗ್ಯಾಲರಿಯಲ್ಲಿ ಬಿಸಿಲು ಒಳಗಿನ ಟೈಲಿನವರೆಗೂ ಚಾಚುತ್ತದೆ. ಎದುರಿಗೆ ಹೊಸ ಟವರ್ ಎದ್ದಿರದಿದ್ದರೆ ದಕ್ಷಿಣದ ಕಿಟಕಿಯವರಿಗೆ ಚಳಿಗಾಲದ ಜೀನಿಯಾ ಕಣ್ಣುಮುಚ್ಚಿ ಬರುತ್ತದೆ. ಪೂರ್ವ, ಪಶ್ಚಿಮದವರು ಗ್ರಿಲ್ಲಿನ ಹೊರ ಅಂಚಿಗೆ ಕುಂಡ ಇಟ್ಟು ನೋಡಬಹುದು. ಉತ್ತರದ ಕಿಟಕಿಯವರು ಗಚ್ಚಿಯ ಮೇಲೆ ನಾಲ್ಕು ಕುಂಡಗಳಿಗೆ ಸೊಸೈಟಿಯವರನ್ನು ಒಪ್ಪಿಸುವುದು ವಾಸಿ. ಒಪ್ಪಿಸಲು ಹೋಗುವಾಗ ಕುಂಡದಡಿಯ ತಟ್ಟೆಗಳನ್ನೂ ಇಟ್ಟಿಗೆಗಳನ್ನೂ ತೋರಿಸಿ. ಕಮಿಟಿಯವರ ಭಯವೆಲ್ಲ ಚಾವಣಿ ಸೋರುವುದರ ಬಗ್ಗೆ, ಆ ಭಯ ನ್ಯಾಯವಾದದ್ದೇ.

2. ಬೀಜ ಬೇಕಿದ್ದರೆ ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ.

ಮುಂಬೈಯಲ್ಲಿ ಜೀನಿಯಾವನ್ನು ಹೂವಿಗಾಗಿ ಯಾವ ತಿಂಗಳಲ್ಲಾದರೂ ಬಿತ್ತಬಹುದು. ಬೀಜಕ್ಕಾಗಿಯಾದರೆ ಹಾಗಲ್ಲ. ಹೂವಿನ ತಲೆ ಗಿಡದ ಮೇಲೆಯೇ ಒಣಗಬೇಕು, ಅದಕ್ಕೆ ಒಣಹವೆ ಬೇಕು. ನಮಗಿರುವ ಒಣಹವೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಹೆಚ್ಚೆಂದರೆ ಮಾರ್ಚ್ ಮೊದಲ ವಾರಗಳವರೆಗೆ. ಹೂವು ಅರಳಿ ಬೀಜ ಬಲಿಯಲು ಐದಾರು ವಾರ, ಬಿತ್ತಿ ಹೂವಾಗಲು ಎಂಟೊಂಬತ್ತು ವಾರ. ಹಿಂದಕ್ಕೆ ಎಣಿಸಿದರೆ ಬಿತ್ತನೆಯ ಕಾಲ ಸೆಪ್ಟೆಂಬರ್ ಉತ್ತರಾರ್ಧ ಮತ್ತು ಅಕ್ಟೋಬರ್ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ.

ಹವಾಮಾನ ಇಲಾಖೆಯ ಪ್ರಕಾರ ಮುಂಬೈಯಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಹಾಗಾಗಿ ಸಸಿಗಳು ಹುಟ್ಟುವುದು ಕೊನೆಯ ಮಳೆಗಳ ನಡುವೆ. ಅನಂತ ಚತುರ್ದಶಿಯ ವಿಸರ್ಜನೆ ಮುಗಿದ ಮೇಲೆ ನಾನು ಬಿತ್ತುತ್ತೇನೆ, ಸಜ್ಜೆಯ ಕೆಳಗೆ, ಮಳೆಯ ಇರಚಲು ತಾಗದ ಕಡೆ. ಅಕ್ಟೋಬರಿನ ಬಿಸಿಲು ಬರುವಷ್ಟರಲ್ಲಿ ಸಸಿ ಗೇಣುದ್ದ ಆಗಿರುತ್ತದೆ. ಊರಿಗೆಲ್ಲ ಬೇಡವಾದ ಆ ಅಕ್ಟೋಬರ್ ಸೆಕೆ ಜೀನಿಯಾಕ್ಕೆ ಹಬ್ಬ. ಹಗಲು ಚಿಕ್ಕದಾಗುತ್ತ ಹೋಗುವುದರಿಂದ ಮೊಗ್ಗೂ ಬೇಗ ಬರುತ್ತದೆ.

ಮೇ ಕೊನೆಗೆ ಬಿತ್ತಿ ಮಳೆಗಾಲದಲ್ಲಿ ಹೂವು ನೋಡುವವರೂ ಇದ್ದಾರೆ. ನೋಡಲಿ. ಆ ಗಿಡದಿಂದ ಬೀಜ ಎತ್ತಬೇಡಿ. ಜುಲೈ ಒಂದರಲ್ಲೇ ಸಾಂತಾಕ್ರೂಜ್‌ನಲ್ಲಿ ಸರಾಸರಿ 800 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಹೂವಿನ ತಲೆ ಒಣಗುವ ಬದಲು ಕೊಳೆಯುತ್ತದೆ, ಕೆಲವೊಮ್ಮೆ ತಲೆಯೊಳಗೇ ಬೀಜ ಮೊಳೆಯುತ್ತದೆ.

3. ಮಣ್ಣು ಹಗುರವಿರಲಿ, ಗೊಬ್ಬರ ಹಿತಮಿತವಿರಲಿ.

ನರ್ಸರಿಯವರು ಕೊಡುವ ಲಾಲ್ ಮಿಟ್ಟಿ ಒಂದನ್ನೇ ತುಂಬಿದರೆ ಎರಡು ತಿಂಗಳಲ್ಲಿ ಗಟ್ಟಿಯಾಗಿ ನೀರು ಮೇಲೆಯೇ ನಿಲ್ಲುತ್ತದೆ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಇಷ್ಟು ಸಾಕು. ಹೂವು ದೊಡ್ಡದಾಗಲೆಂದು ಯೂರಿಯಾ ಹಾಕುವವರ ಗಿಡ ಎಲೆಯಲ್ಲೇ ಸೊಕ್ಕುತ್ತದೆ, ಬೂದಿ ರೋಗವೂ ಅಲ್ಲಿಗೇ ಮೊದಲು ಬರುತ್ತದೆ.

4. ಬಿತ್ತಿದ ಜಾಗದಲ್ಲೇ ಬೆಳೆಯಲಿ, ಗೇಣುದ್ದಕ್ಕೆ ಕುಡಿ ಚಿವುಟಿ.

ಬೇರು ಕದಲಿಸಿದರೆ ಜೀನಿಯಾ ಮುನಿಸಿಕೊಳ್ಳುತ್ತದೆ. ಕುಂಡದಲ್ಲೇ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಬಂದ ಸಸಿಗಳಲ್ಲಿ ಗಟ್ಟಿಯಾದದ್ದನ್ನು ಉಳಿಸಿ ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಜಾಗ ಬದಲಿಸಲೇಬೇಕಿದ್ದರೆ ಕಾಗದದ ಚಹಾ ಕಪ್ಪಿನಲ್ಲಿ ಬಿತ್ತಿ, ತಳ ಹರಿದು ಕಪ್ಪಿನ ಸಮೇತ ಕುಂಡಕ್ಕೆ ಇಳಿಸಬಹುದು. ನಾಲ್ಕು ಜೊತೆ ಎಲೆ ಬಂದಾಗ ಮೂರನೆಯ ಜೊತೆಯ ಮೇಲೆ ಕುಡಿ ಚಿವುಟಿದರೆ ಕವಲೊಡೆದು ಹೂವಿನ ಸಂಖ್ಯೆ ಹೆಚ್ಚುತ್ತದೆ.

5. ನೀರಿಗಿಂತ ಗಾಳಿಯ ಕಡೆ ಹೆಚ್ಚು ಗಮನವಿರಲಿ.

ಜೀನಿಯಾವನ್ನು ಬಾಹ್ಯಾಕಾಶದಲ್ಲೂ ಬೆಳೆದಿದ್ದಾರೆ. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಜೀನಿಯಾ ಗಿಡಗಳ ಎಲೆಗಳಿಂದ ನೀರು ಒಸರತೊಡಗಿತು, ಆಮೇಲೆ ಬೂಷ್ಟು ಹಿಡಿಯಿತು. ಬುಡದಲ್ಲಿ ತೇವ ಹೆಚ್ಚು, ಸುತ್ತ ಗಾಳಿಯಾಟ ಕಡಿಮೆ. ಫ್ಯಾನಿನ ವೇಗ ಹೆಚ್ಚಿಸಿದರು, ಬೂಷ್ಟು ಹಿಡಿದ ಭಾಗ ಕತ್ತರಿಸಿದರು. ಬಳಿಕ ಗಿಡಗಳು ಅತಿಯಾಗಿ ಒಣಗಲು ಶುರುವಾಯಿತು. ಆಗ ಗಗನಯಾತ್ರಿ ಸ್ಕಾಟ್ ಕೆಲ್ಲಿ ವೇಳಾಪಟ್ಟಿಯಂತೆ ನೀರು ಕೊಡುವುದನ್ನು ಬಿಟ್ಟು, ಗಿಡ ನೋಡಿ ತಾನೇ ತೀರ್ಮಾನಿಸುತ್ತೇನೆಂದು ಕೇಳಿಕೊಂಡರು. ನಾಸಾದವರು ಒಪ್ಪಿ ಒಂದು ಪುಟದ ಆರೈಕೆಯ ಸೂಚನೆ ಬರೆದು ಕಳಿಸಿದರು. ಕೆಲವು ಗಿಡ ಸತ್ತವು, ಕೆಲವು ಉಳಿದವು. 2016ರ ಜನವರಿ 16ರಂದು ಕೆಲ್ಲಿ ಹಂಚಿಕೊಂಡ ಕಿತ್ತಳೆ ಬಣ್ಣದ ಜೀನಿಯಾದ ಚಿತ್ರವನ್ನು ಜಗತ್ತೆಲ್ಲ ನೋಡಿತು.

ಮುಂಬೈಯ ಗ್ರಿಲ್ಲಿನ ತೋಟದ ಸಮಸ್ಯೆಯೂ ಅದೇ. ಮೂರು ಕಡೆ ಗೋಡೆ, ಒಂದು ಕಡೆ ಒಣಹಾಕಿದ ಬಟ್ಟೆ, ನಡುವೆ ಒತ್ತೊತ್ತಾಗಿ ಕುಂಡ. ಗಾಳಿ ಹಾಯಲು ಜಾಗವಿಲ್ಲ. ಹನ್ನೆರಡು ಇಂಚಿನ ಕುಂಡಕ್ಕೆ ಎರಡು ಗಿಡ, ತಪ್ಪಿದರೆ ಮೂರು. ನೀರು ಬುಡಕ್ಕೆ ಮಾತ್ರ, ಬೆಳಗ್ಗೆ ಮಾತ್ರ. ಗಿಡ ಎದೆಯೆತ್ತರ ಬಂದ ಮೇಲೆ ಕೆಳಗಿನ ಎಲೆಗಳನ್ನು ತೆಗೆದುಬಿಡಿ. ಜನವರಿಯ ತಂಪು ರಾತ್ರಿಗಳಲ್ಲಿ ಎಲೆಯ ಮೇಲೆ ಬಿಳಿ ಹುಡಿ ಕಂಡರೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವಾಗ ಸಿಂಪಡಿಸಿ. ಶುರುವಿನಲ್ಲೇ ಮಾಡಿದರೆ ಹತೋಟಿಗೆ ಬರುತ್ತದೆ.

ಬಿಳಿ ಹುಡಿಗಿಂತ ನಾನು ಹೆಚ್ಚು ಹೆದರುವುದು ಕಂದು ಚುಕ್ಕೆಗೆ. ಎಲೆಚುಕ್ಕೆ ರೋಗ ಬೀಜದ ಮೂಲಕ ಮುಂದಿನ ವರ್ಷಕ್ಕೆ ದಾಟುತ್ತದೆ. ಚುಕ್ಕೆ ಬಿದ್ದ ಗಿಡದ ಹೂವು ಎಷ್ಟೇ ಚೆಂದವಿರಲಿ, ಹೂದಾನಿಗೆ ಹೋಗಲಿ, ಬೀಜದ ಬಾಟಲಿಗೆ ಬರಬಾರದು.

6. ಪೊಟ್ಟಣದ ಮೇಲೆ ಎಫ್-1 ಎಂದಿದ್ದರೆ ಅದರಿಂದ ಬೀಜ ಹಿಡಿಯುವ ಆಸೆ ಬಿಡಿ.

ಭಾಯ್ಖಳಾದ ಅಂಗಡಿಗಳಲ್ಲಿ ಸಿಗುವ ಜೀನಿಯಾ ಬೀಜದಲ್ಲಿ ಎರಡು ಬಗೆ. ಒಂದು ಎಫ್-1 ಎನ್ನುವ ಹೈಬ್ರಿಡ್, ಬೇರೆಬೇರೆ ತಳಿಯ ತಾಯಿತಂದೆಯರನ್ನು ಸೇರಿಸಿ ಮಾಡಿದ್ದು. ಕುಂಡಕ್ಕೆ ಹೇಳಿಮಾಡಿಸಿದ ಗಿಡ್ಡ ಜಾತಿಗಳಲ್ಲಿ ಇವೇ ಹೆಚ್ಚು. ಇನ್ನೊಂದು ಜೇನು ಚಿಟ್ಟೆಗಳಿಂದ ತಾನಾಗಿ ಕಟ್ಟಿದ ಬೀಜ, ಎತ್ತರದ ‘ಬೆನರೀಸ್ ಜೈಂಟ್’, ‘ಕ್ಯಾಲಿಫೋರ್ನಿಯಾ ಜೈಂಟ್’, ಪುಟ್ಟ ಹೂವಿನ ‘ಲಿಲಿಪುಟ್’ ಈ ಗುಂಪಿನವು. ಹೈಬ್ರಿಡ್ ಗಿಡದ ಬೀಜ ಮೊಳೆಯದೆಂದಲ್ಲ. ಮೊಳೆಯುತ್ತದೆ, ಆದರೆ ಮಕ್ಕಳಲ್ಲಿ ಒಂದು ತಾಯಿಯಂತಿರುತ್ತದೆ, ಒಂದು ಅಜ್ಜಿಯಂತೆ, ಇನ್ನೊಂದು ಯಾರಂತೆಯೂ ಅಲ್ಲ.

ಹೈಬ್ರಿಡ್ ಬೀಜದ ಬಗ್ಗೆ ನನಗೆ ತಿರಸ್ಕಾರವಿಲ್ಲ, ಕನ್ನಡಿಗರಿಗೆ ಇರಲೂ ಬಾರದು. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿ ಪೆಟೂನಿಯಾದಂಥ ಹೂವಿನ ಹೈಬ್ರಿಡ್ ಬೀಜವನ್ನು ವಿದೇಶಕ್ಕೆ ಕಳಿಸಿದರು. ರಾಣೆಬೆನ್ನೂರಿನ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ತರಕಾರಿ ಹೂವುಗಳಿಗೆ ಒಂದೊಂದಾಗಿ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ತಯಾರಿಸುತ್ತಾರೆ. ಅಷ್ಟು ಕೈಕೆಲಸದ ಬೀಜಕ್ಕೆ ಬೆಲೆ ಇದ್ದೇ ಇದೆ. ಆದರೆ ಅದು ಪ್ರತಿ ವರ್ಷ ಕೊಂಡು ತರುವ ಬೀಜ. ಮನೆಯಲ್ಲಿ ಉಳಿಸಿಕೊಳ್ಳಬೇಕಾದ್ದು ಎರಡನೆಯ ಬಗೆ.

7. ಒಂಟಿ ಗಿಡದಿಂದ ಬೀಜವಾಗದು. ಹದಿನಾಲ್ಕನೇ ಮಹಡಿಯಲ್ಲಿ ಜೇನಿನ ಕೆಲಸವನ್ನು ನೀವೇ ಮಾಡಬೇಕು.

‘ಹೂವು ತುಂಬ ಬಿಟ್ಟಿತು, ಒಣಗಿಸಿ ಬಿತ್ತಿದರೆ ಒಂದೂ ಹುಟ್ಟಲಿಲ್ಲ’ ಎಂಬ ದೂರನ್ನು ನಾನು ಕೇಳಿದಷ್ಟು ಬೇರೆ ಯಾವುದನ್ನೂ ಕೇಳಿಲ್ಲ. ವಿಚಾರಿಸಿದರೆ ಅವರ ಮನೆಯಲ್ಲಿದ್ದದ್ದು ಒಂದೇ ಗಿಡ. ಜೀನಿಯಾ ತನ್ನ ಪರಾಗವನ್ನು ತಾನೇ ಸ್ವೀಕರಿಸುವುದು ಕಡಿಮೆ. ಬೇರೆ ಗಿಡದ ಪರಾಗ ಬಂದರೆ ಮಾತ್ರ ಬೀಜ ಚೆನ್ನಾಗಿ ಕಟ್ಟುತ್ತದೆ. ಒಂದೇ ಬಣ್ಣದ ಮೂರು ನಾಲ್ಕು ಗಿಡವಾದರೂ ಒಟ್ಟಿಗೆ ಹೂವಿನಲ್ಲಿರಬೇಕು. ಹತ್ತಾದರೆ ಇನ್ನೂ ಒಳ್ಳೆಯದು, ತಳಿ ಸೊರಗುವುದಿಲ್ಲ.

ಹೂವನ್ನು ಹತ್ತಿರದಿಂದ ನೋಡಿದರೆ ಇದರ ಒಳಗುಟ್ಟು ತಿಳಿಯುತ್ತದೆ. ನಾವು ಒಂದು ಹೂವು ಎನ್ನುವುದು ನೂರಾರು ಪುಟ್ಟ ಹೂವುಗಳ ಗೊಂಚಲು. ಸುತ್ತಲಿನ ಒಂದೊಂದು ಬಣ್ಣದ ಎಸಳೂ ಒಂದು ಹೆಣ್ಣು ಹೂವು. ಎಸಳಿನ ಬುಡದಲ್ಲಿ ಕವಲೊಡೆದ ಸಣ್ಣ ನಾಲಿಗೆಯೊಂದು ಹೊರಚಾಚಿರುತ್ತದೆ, ಪರಾಗ ಬೀಳಬೇಕಾದ್ದು ಅಲ್ಲಿಗೆ. ಎಸಳಿನಲ್ಲಿ ಪರಾಗವಿಲ್ಲ. ಪರಾಗವಿರುವುದು ನಡುವಿನ ದಿಬ್ಬದಲ್ಲಿ ಏಳುವ ಹಳದಿ ನಕ್ಷತ್ರಗಳಲ್ಲಿ. ಅವು ಒಂದೇ ದಿನ ಅರಳುವುದಿಲ್ಲ. ಮೊದಲ ದಿನ ಹೊರಗಿನ ಒಂದು ಸುತ್ತು, ಮರುದಿನ ಅದರ ಒಳಗಿನ ಸುತ್ತು, ಹೀಗೆ ದಿಬ್ಬದ ತುದಿಯವರೆಗೆ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬೆರಳು ತಾಗಿಸಿದರೆ ಹಳದಿ ಹುಡಿ ಅಂಟುತ್ತದೆ.

ಕೆಳಮಹಡಿಗಳಲ್ಲಿ ಈ ಕೆಲಸಕ್ಕೆ ಕೋಲುಜೇನು, ತುಡುವೆ, ಮುಜಂಟಿ ಬರುತ್ತವೆ. ಗ್ಯಾಲರಿಯಲ್ಲಿ ಕರಿಬೇವಿನ ಗಿಡವಿದ್ದರೆ ಅದರ ಮೇಲೆ ಮೊಟ್ಟೆಯಿಡಲು ಬರುವ ಚಿಟ್ಟೆಗಳೂ ಪಕ್ಕದ ಜೀನಿಯಾಕ್ಕೆ ಇಳಿಯುತ್ತವೆ. ಮೇಲೆ ಹೋದಂತೆ ಇವುಗಳ ಓಡಾಟ ವಿರಳ. ಎತ್ತರದ ಕಟ್ಟಡಗಳಿಗೆ ಹೆಜ್ಜೇನು ಗೂಡು ಕಟ್ಟಿದರೂ ಪೆಸ್ಟ್ ಕಂಟ್ರೋಲಿನವರನ್ನು ಕರೆಸಿ ಕೊಲ್ಲಿಸುವ ಸೊಸೈಟಿಗಳೇ ಹೆಚ್ಚು. ಜನರ ಓಡಾಟವಿಲ್ಲದ ಕಡೆ ಇರುವ ಗೂಡನ್ನಾದರೂ ಬಿಡಿ ಎಂದು ನಾನು ಪ್ರತಿ ವರ್ಷ ಕೇಳಿಕೊಳ್ಳುತ್ತೇನೆ.

ಜೇನು ಬಾರದ ಮನೆಯಲ್ಲಿ ಮಕ್ಕಳ ಚಿತ್ರದ ಕುಂಚ ಸಾಕು. ಒಂದು ಗಿಡದ ಹಳದಿ ನಕ್ಷತ್ರಗಳ ಮೇಲೆ ಕುಂಚ ಆಡಿಸಿ, ಇನ್ನೊಂದು ಗಿಡದ ಎಸಳಿನ ಬುಡದ ನಾಲಿಗೆಗಳಿಗೆ ಸವರಿ. ಸುತ್ತು ಸುತ್ತಾಗಿ ಅರಳುವ ಕಾರಣ ಒಂದೇ ದಿನಕ್ಕೆ ಮುಗಿಯದು, ದಿನ ಬಿಟ್ಟು ದಿನ ಒಂದು ವಾರ ಮಾಡಬೇಕು. ಬಣ್ಣ ಬೆರೆಯಬಾರದೆಂದಿದ್ದರೆ ಮೊಗ್ಗು ಬಿರಿಯುವ ಮೊದಲೇ ತೆಳು ಜಾಳಿಗೆಯ ಚೀಲ ಕಟ್ಟಿ, ಪರಾಗ ಮುಟ್ಟಿಸುವಾಗ ಮಾತ್ರ ಬಿಚ್ಚಿ ಮತ್ತೆ ಕಟ್ಟಿ. ಮದುವೆ ಮನೆಗಳಲ್ಲಿ ಬಾದಾಮಿ ತುಂಬಿಸಿ ಕೊಡುವ ಚೀಲ ಅದಕ್ಕೆ ಹೇಳಿಮಾಡಿಸಿದಂತಿದೆ, ಭುಲೇಶ್ವರದಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ.

8. ಬೇಡದ ಗಿಡವನ್ನು ಮೊದಲ ಹೂವಿಗೇ ಕಿತ್ತುಬಿಡಿ.

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ್ದಿಲ್ಲ. ಜನ ಮಾಡಲು ಒಪ್ಪದಿರುವುದೂ ಇದನ್ನೇ.

ಎಸಳುಗಳು ದಟ್ಟವಾಗಿ ಸುತ್ತಿಕೊಂಡ ಡಬಲ್ ಹೂವಿನ ಬೀಜವನ್ನು ಆಯದೆ ಬಿತ್ತುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಕುಂಡದ ತುಂಬ ಒಂದೇ ಸುತ್ತಿನ ಸಿಂಗಲ್ ಹೂವು, ಅದೂ ಬಹುಪಾಲು ನೇರಳೆಗುಲಾಬಿ. ‘ಬೀಜ ಹಳತಾಯ್ತು, ಮಣ್ಣು ಕೆಟ್ಟಿತು’ ಎನ್ನುತ್ತಾರೆ. ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಡಬಲ್ ಹೂವಿನಲ್ಲಿ ನಡುವಿನ ನಕ್ಷತ್ರಗಳೆಲ್ಲ ಎಸಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಅತ್ಯಲ್ಪ. ಸಿಂಗಲ್ ಹೂವಿನ ನಡುದಿಬ್ಬದಲ್ಲಿ ಪರಾಗ ಧಾರಾಳ. ತೋಟದಲ್ಲಿ ಎರಡು ಸಿಂಗಲ್ ಗಿಡವಿದ್ದರೂ ಜೇನಿನ ಮೈಗೆ ಅಂಟುವುದು ಹೆಚ್ಚಾಗಿ ಅವುಗಳ ಪರಾಗವೇ, ಡಬಲ್ ಹೂವುಗಳೆಲ್ಲ ಹೊರುವುದು ಅದೇ ಸಂತಾನವನ್ನು. ಮೆಕ್ಸಿಕೋದ ಕಾಡಿನ ಮೂಲ ಜೀನಿಯಾ ನೇರಳೆ ಛಾಯೆಯ ಸಿಂಗಲ್ ಹೂವೇ. ಮನುಷ್ಯ ಆಯುವುದನ್ನು ನಿಲ್ಲಿಸಿದ ಕೂಡಲೇ ಗಿಡ ಆ ಕಡೆಗೆ ಹೊರಳುತ್ತದೆ.

ಆದ್ದರಿಂದ ಮೊದಲ ಹೂವು ಬಿರಿಯುತ್ತಿರುವಾಗಲೇ ತೀರ್ಮಾನವಾಗಬೇಕು. ಹಳದಿ ನಕ್ಷತ್ರದ ಮೊದಲ ಸುತ್ತು ಅರಳಿದ ಮೇಲೆ ಕಿತ್ತರೆ ಪರಾಗ ಆಗಲೇ ಹರಡಿರುತ್ತದೆ. ನವೆಂಬರಿನಲ್ಲಿ ದಿನಾ ಬೆಳಗ್ಗೆ ಒಂದು ಸುತ್ತು ಹಾಕಿ, ಬೇಡದ್ದನ್ನು ಬುಡಸಹಿತ ತೆಗೆಯಿರಿ. ಕೀಳಲು ಮನಸ್ಸಾಗದಿದ್ದರೆ ಹೂವನ್ನು ಕೊಯ್ದು ನೀರಿಗೆ ಹಾಕಿ, ಒಂದು ವಾರ ಬಾಡುವುದಿಲ್ಲ. ಆದರೆ ಆ ಗಿಡದಲ್ಲಿ ಬರುವ ಪ್ರತಿಯೊಂದು ಮೊಗ್ಗನ್ನೂ ಹೀಗೆ ಕೊಯ್ಯುತ್ತಲೇ ಇರಬೇಕಾಗುತ್ತದೆ. ನಮ್ಮ ಎದುರು ಮನೆಯ ಕಾಕೂ ನಾನು ಗಿಡ ಕೀಳುವುದನ್ನು ನೋಡಿ, ‘ಅಗೋ, ಹೂವು ಬಿಟ್ಟ ಗಿಡವನ್ನು ಯಾರಾದರೂ ಕೀಳುತ್ತಾರೆಯೇ?’ ಎಂದು ನೊಂದುಕೊಂಡಿದ್ದರು. ಅವರಿಗೆ ಸಿಂಗಲ್ ಹೂವೇ ಇಷ್ಟ. ಈಗ ಸಿಂಗಲ್‌ಗಳೆಲ್ಲ ಅವರ ಹಿಂಬದಿಯ ಗ್ಯಾಲರಿಗೆ ಹೋಗುತ್ತವೆ, ಇಡೀ ಕಟ್ಟಡದ ಆಚೆ ಬದಿಗೆ. ಪರಾಗ ಬೆರೆಯುವುದನ್ನು ಅಷ್ಟು ದೂರ ಪೂರಾ ತಡೆಯಲಾರದು, ಕಡಿಮೆಯಂತೂ ಆಗಿದೆ. ಚಿಟ್ಟೆಗಳಿಗೆ ಬೇಕಾದ್ದೂ ಆ ಸಿಂಗಲ್ ಹೂವುಗಳೇ.

ಏನನ್ನು ಉಳಿಸಬೇಕು ಎಂಬುದು ಅವರವರ ಕಣ್ಣಿಗೆ ಬಿಟ್ಟದ್ದು. ನಾನು ಬಣ್ಣಕ್ಕಿಂತ ಮೊದಲು ಎಲೆ ನೋಡುತ್ತೇನೆ. ಜನವರಿ ಕೊನೆಗೂ ಬೂದಿ ಹಿಡಿಯದ ಗಿಡ ಯಾವುದೋ ಅದರ ಕೊರಳಿಗೆ ಕೆಂಪು ದಾರ. ದಾರ ಕಟ್ಟಿದ ಗಿಡದ ಹೂವನ್ನು ಮನೆಯವರಾರೂ ಕೊಯ್ಯುವಂತಿಲ್ಲ. ವರ್ಷ ವರ್ಷ ಹೀಗೆ ಆಯ್ದುದರಿಂದ ನಮ್ಮ ಕಿತ್ತಳೆ ಹೂವಿನ ಸಾಲು ಈ ಗ್ಯಾಲರಿಯ ತೇವಕ್ಕೆ ಪೊಟ್ಟಣದಿಂದ ಬಂದ ಸಾಲಿಗಿಂತ ಚೆನ್ನಾಗಿ ತಡೆಯುತ್ತದೆ. ಬೀಜವನ್ನು ಮನೆಯಲ್ಲೇ ಹಿಡಿಯುವುದರ ನಿಜವಾದ ಲಾಭ ನನ್ನ ಮಟ್ಟಿಗೆ ಇದು. ಉಳಿಯುವ ದುಡ್ಡು ದೊಡ್ಡದಲ್ಲ.

9. ತೊಟ್ಟು ಒಣಗುವವರೆಗೆ ಕಾಯಿರಿ, ಗಿಳಿಗೆ ಬಿಡಬೇಡಿ.

ಎಸಳು ಕಾಗದದಂತಾದರೆ ಸಾಲದು, ತಲೆಯ ಕೆಳಗಿನ ಎರಡಿಂಚು ತೊಟ್ಟೂ ಕಂದಾಗಬೇಕು. ಅಷ್ಟರಲ್ಲಿ ಗಿಳಿಗಳು ಬರುತ್ತವೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹತ್ತಿರವಿರುವ ಬೊರಿವಲಿ, ಮುಲುಂಡ್, ಠಾಣೆಯ ಕಡೆ ಇವುಗಳ ಕಾಟ ಜಾಸ್ತಿ. ಒಂದು ಗಿಳಿ ಐದು ನಿಮಿಷದಲ್ಲಿ ಒಂದು ತಲೆಯನ್ನು ಚಿಂದಿ ಮಾಡುತ್ತದೆ. ಹಿಂದೆ ಹೇಳಿದ ಜಾಳಿಗೆ ಚೀಲವನ್ನೇ ಮತ್ತೆ ಕಟ್ಟಿ. ಅಕಾಲದ ಮೋಡ ಕಂಡರೆ ಉದ್ದ ತೊಟ್ಟಿನ ಸಮೇತ ಕತ್ತರಿಸಿ, ಮನೆಯೊಳಗೆ ಫ್ಯಾನಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿ.

10. ಜೊಳ್ಳು ಬೇರ್ಪಡಿಸಿ.

ಒಣಗಿದ ತಲೆಯನ್ನು ಬೆರಳಲ್ಲಿ ಬಿಡಿಸಿದರೆ ಎರಡು ಆಕಾರದ ಬೀಜ ಸಿಗುತ್ತದೆ. ಎಸಳಿನ ಬುಡದಲ್ಲಿರುವುದು ಈಟಿಯ ಮೊನೆಯಂಥದ್ದು, ಒಣಗಿದ ಎಸಳು ಅದಕ್ಕೆ ಅಂಟಿಕೊಂಡೇ ಇರುತ್ತದೆ. ದಿಬ್ಬದ ಒಳಗಿನದು ಚಪ್ಪಟೆ, ತಲೆಯಲ್ಲಿ ಸಣ್ಣ ಕಚ್ಚು. ಎರಡೂ ಮೊಳೆಯುತ್ತವೆ. ಉಗುರಿನಿಂದ ಒತ್ತಿದಾಗ ಒಳಗೆ ತಿರುಳು ಸಿಕ್ಕಬೇಕು, ಕುಸಿದರೆ ಜೊಳ್ಳು. ಹೆಚ್ಚು ಬೀಜವಿದ್ದರೆ ಮೊರದಲ್ಲಿ ಹಾಕಿ ಫ್ಯಾನನ್ನು ಸಣ್ಣಗೆ ತಿರುಗಿಸಿ ತೂರಿ, ಗಟ್ಟಿ ಬೀಜ ಹತ್ತಿರ ಬೀಳುತ್ತದೆ, ಜೊಳ್ಳು ಹಾರುತ್ತದೆ. ಮುಕ್ಕಾಲು ಪಾಲು ಹಾರಿಹೋದರೂ ಗಾಬರಿ ಬೇಡ. ಒಂದೆರಡು ತಲೆಗಳಲ್ಲಿ ಉಳಿದದ್ದೇ ಒಂದು ಗ್ಯಾಲರಿಗೆ ಸಾಕು.

11. ಬೀಜ ಒಣಗಿದೆ ಎಂದು ಕೈಗೆ ಅನ್ನಿಸಿದರೆ ಅದು ಅರ್ಧ ಒಣಗಿದೆ ಎಂದರ್ಥ.

ನಮ್ಮ ಕರಾವಳಿಯ ಹಿರಿಯರಿಗೆ ಮಳೆಗಾಲದ ಬೀಜದ ಕಷ್ಟ ಗೊತ್ತಿತ್ತು. ಬಿತ್ತನೆಯ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು. ಸೌತೆ, ಹೀರೆ, ಬೆಂಡೆಯ ಬೀಜ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಿತ್ತು, ಕೆಲವು ಬೂದಿಯಲ್ಲಿ ಇರುತ್ತಿದ್ದವು. ಒಲೆಯಂತೂ ಜಡಿಮಳೆಯ ದಿನವೂ ಉರಿಯುತ್ತಿತ್ತು. ಮುಂಬೈಯ ಫ್ಲ್ಯಾಟಿನಲ್ಲಿ ಒಲೆಯೂ ಇಲ್ಲ, ಅಟ್ಟವೂ ಇಲ್ಲ, ಜುಲೈ ಆಗಸ್ಟಿನಲ್ಲಿ ಗಾಳಿಯ ತೇವಾಂಶ ಶೇ. 85ರ ಆಸುಪಾಸು. ಕಾಗದದ ಲಕೋಟೆಯಲ್ಲಿಟ್ಟ ಬೀಜ ಗಾಳಿಯಿಂದ ತೇವ ಹೀರಿಕೊಂಡು ಉಸಿರಾಡುತ್ತ, ಒಳಗಿನ ಆಹಾರ ತೀರಿಸಿಕೊಂಡು ಸೆಪ್ಟೆಂಬರಿಗೆ ಸತ್ತಿರುತ್ತದೆ. ನೋಡಲು ಏನೂ ವ್ಯತ್ಯಾಸ ಕಾಣುವುದಿಲ್ಲ.

ಅಮೆರಿಕದ ಬೀಜವಿಜ್ಞಾನಿ ಜೇಮ್ಸ್ ಹ್ಯಾರಿಂಗ್ಟನ್ ಕೊಟ್ಟ ಒಂದು ಸ್ಥೂಲ ಲೆಕ್ಕವಿದೆ. ಬೀಜದೊಳಗಿನ ತೇವ ಶೇ. 1ರಷ್ಟು ಇಳಿದರೆ ಅದರ ಆಯುಸ್ಸು ಇಮ್ಮಡಿ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಇಮ್ಮಡಿ. ಇದರಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯುವವರೇ ಬಹಳ. ಒದ್ದೆ ಬೀಜವನ್ನು ನೇರ ಫ್ರಿಜ್ಜಿಗೆ ಹಾಕುತ್ತಾರೆ. ಮೊದಲು ಒಣಗಬೇಕು, ಆಮೇಲೆ ತಣ್ಣಗಾಗಬೇಕು.

ನಾನು ಮಾಡುವ ಕ್ರಮ ಹೀಗೆ. ಫೆಬ್ರವರಿಯಲ್ಲಿ ಬೀಜವನ್ನು ಪತ್ರಿಕೆಯ ಮೇಲೆ ಹರಡಿ ನೆರಳಿನಲ್ಲಿ, ಗಾಳಿಯಾಡುವ ಕಡೆ ವಾರವಿಡೀ ಬಿಡುತ್ತೇನೆ. ಕಾದ ಗಚ್ಚಿಯ ಮೇಲೆ ನೇರ ಬಿಸಿಲಿಗೆ ಇಡುವುದಿಲ್ಲ, ಅಲ್ಲಿನ ಕಾವಿಗೆ ಬೀಜ ಬೆಂದಂತಾಗುತ್ತದೆ. ಆಮೇಲೆ ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಜೊತೆಗಿಟ್ಟು ಇನ್ನೊಂದು ವಾರ. ಬಣ್ಣ ಬದಲಿಸುವ ಜೆಲ್ ಆದರೆ ತೇವ ಹೀರಿದ್ದು ಕಣ್ಣಿಗೇ ಕಾಣುತ್ತದೆ. ಜೆಲ್ ಸಿಗದವರು ಅಕ್ಕಿಯನ್ನು ಬಾಣಲೆಯಲ್ಲಿ ಬಿಳಿಚುವವರೆಗೆ ಹುರಿದು, ಮುಚ್ಚಿದ ಡಬ್ಬಿಯಲ್ಲೇ ಆರಿಸಿ ಬಳಸಬಹುದು. ಜೆಲ್‌ನಷ್ಟು ಹೀರದು, ಆದ್ದರಿಂದ ಎರಡು ಸಲ ಹೊಸ ಅಕ್ಕಿ ಹಾಕಬೇಕು. ಕೊನೆಗೆ ಒಂದು ಬೀಜ ತೆಗೆದು ಉಗುರಿನಲ್ಲಿ ಬಾಗಿಸಿ ನೋಡುತ್ತೇನೆ. ಟಕ್ಕನೆ ಮುರಿದರೆ ಸರಿ, ಬಾಗಿ ಮಣಿದರೆ ಮತ್ತೆ ಬಾಟಲಿಗೆ.

ಆಮೇಲೆ ಹೆಸರು, ಬಣ್ಣ, ವರ್ಷ ಬರೆದ ಸಣ್ಣ ಪೊಟ್ಟಣಗಳು ಒಂದೇ ಬಾಟಲಿಯೊಳಗೆ, ಬಾಟಲಿ ಫ್ರಿಜ್ಜಿನ ಹಿಂದಿನ ಮೂಲೆಗೆ. ಬಾಗಿಲಿನ ಅರೆಗೆ ಬೇಡ, ಅಲ್ಲಿ ತಂಪು ಏರಿಳಿಯುತ್ತಲೇ ಇರುತ್ತದೆ. ಹೊರತೆಗೆದಾಗ ಮಾತ್ರ ಅವಸರ ಮಾಡಬಾರದು. ತಣ್ಣಗಿನ ಬಾಟಲಿಯನ್ನು ಮುಂಬೈಯ ಗಾಳಿಗೆ ತೆರೆದ ಕೂಡಲೇ ಬೀಜದ ಮೇಲೆ ಬೆವರು ಕೂರುತ್ತದೆ, ಅಷ್ಟು ದಿನ ಒಣಗಿಸಿದ್ದೆಲ್ಲ ವ್ಯರ್ಥ. ರಾತ್ರಿ ಹೊರಗಿಟ್ಟು ಬೆಳಗ್ಗೆ ಮುಚ್ಚಳ ತೆಗೆಯಿರಿ.

12. ಬಿತ್ತುವ ಮೊದಲು ಹತ್ತು ಬೀಜ ಪರೀಕ್ಷೆಗೆ, ಬಿತ್ತಿದ ಮೇಲೂ ಒಂದಿಷ್ಟು ಬಾಟಲಿಗೆ.

ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರದೊಳಗೆ ಉತ್ತರ ಸಿಗುತ್ತದೆ. ಏಳಕ್ಕಿಂತ ಹೆಚ್ಚು ಮೊಳೆತರೆ ನಿಶ್ಚಿಂತೆ, ನಾಲ್ಕೈದಾದರೆ ಎರಡರಷ್ಟು ಬಿತ್ತಿ. ಒಂದೇ ವರ್ಷಕ್ಕೆ ಎಲ್ಲವನ್ನೂ ಬಿತ್ತಿ ಮುಗಿಸಬೇಡಿ. ಈ ಊರಿನಲ್ಲಿ 2005ರ ಜುಲೈ 26ರಂಥ ದಿನಗಳೂ ಬರುತ್ತವೆ, ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದು ನೆಲಮಹಡಿಯ ಮನೆಗಳ ಸರ್ವಸ್ವವೂ ನೀರಿನಲ್ಲಿ ಹೋಯಿತು. ಚೆನ್ನಾಗಿ ಒಣಗಿಸಿದ ಜೀನಿಯಾ ಬೀಜ ತಂಪಿನಲ್ಲಿ ಮೂರು ನಾಲ್ಕು ವರ್ಷ ಬದುಕುತ್ತದೆ. ಹಿಂದಿನ ಎರಡು ವರ್ಷಗಳ ಬೀಜ ಯಾವಾಗಲೂ ಕೈಯಲ್ಲಿರಲಿ.

13. ಬೀಜ ಹಂಚಿ, ಜೊತೆಗೆ ಕೀಳುವ ಪಾಠವನ್ನೂ ಹೇಳಿಕೊಡಿ.

ಒಂದೇ ಮನೆಯಲ್ಲಿರುವ ತಳಿ ಒಂದು ಕೆಟ್ಟ ಮಳೆಗಾಲಕ್ಕೆ, ಒಂದು ಫ್ರಿಜ್ಜಿನ ರಿಪೇರಿಗೆ ಮುಗಿದುಹೋಗಬಹುದು. ಡೊಂಬಿವಲಿ, ಮೀರಾ ರೋಡ್, ನೆರೂಳ್ ಕಡೆಯ ಪರಿಚಯದವರಿಗೆ ನಾನು ಸೆಪ್ಟೆಂಬರ್ ಮೊದಲ ವಾರ ಪೊಟ್ಟಣ ಕೊಡುತ್ತೇನೆ. ಅದಕ್ಕೂ ಮೊದಲು ಕೊಟ್ಟರೆ ಅವರ ಡ್ರಾಯರಿನಲ್ಲಿ ಬೀಜ ಮಳೆಗಾಲ ಕಳೆಯಬೇಕಾಗುತ್ತದೆ. ಪೊಟ್ಟಣದ ಮೇಲೆ ಬಿತ್ತುವ ದಿನದ ಜೊತೆಗೆ ‘ಸಿಂಗಲ್ ಬಂದರೆ ನಕ್ಷತ್ರ ಅರಳುವ ಮೊದಲು ಕೀಳಿ’ ಎಂದೂ ಬರೆಯುತ್ತೇನೆ. ನವೆಂಬರಿನಲ್ಲಿ ಫೋನ್ ಮಾಡಿ ಮೊದಲ ಹೂವಿನ ಫೋಟೋ ಕೇಳುತ್ತೇನೆ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದು ಬೇಡ ಎಂದು ಇಬ್ಬರೂ ನೋಡಿ ಹೇಳಿಕೊಳ್ಳುತ್ತೇವೆ. ಅವರಿಂದ ಮರಳಿ ಬರುವ ಬೀಜವನ್ನು ನೇರ ನಮ್ಮ ಸಾಲಿಗೆ ಸೇರಿಸುವುದಿಲ್ಲ. ಒಂದು ವರ್ಷ ಗಚ್ಚಿಯ ಆಚೆ ತುದಿಯಲ್ಲಿ ಬೇರೆಯಾಗಿ ಬಿತ್ತಿ, ಎಲೆಯಲ್ಲಿ ಕಂದು ಚುಕ್ಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಒಳ್ಳೆಯ ಗಿಡಗಳ ಪರಾಗವನ್ನು ಕುಂಚದಲ್ಲಿ ತಂದು ನಮ್ಮ ದಾರ ಕಟ್ಟಿದ ಗಿಡಗಳಿಗೆ ಮುಟ್ಟಿಸುತ್ತೇನೆ. ನೆರೂಳಿನಿಂದ ಬಂದ ಕಡುಗೆಂಪು ಈ ವರ್ಷ ಆ ಪರೀಕ್ಷೆಯಲ್ಲಿದೆ. ಕೆಳಗಿನ ಎಲೆಗಳು ಇಲ್ಲಿಯವರೆಗೆ ಶುದ್ಧವಾಗಿವೆ.